ಸೊಳ್ಳೆಗೂ ಒಂದು ವಾರ್ಡ್ ನಂಬರ್ ಕೊಡಿ

ಬೆಂಗಳೂರಿನ ಸೊಳ್ಳೆಗಳು ಈಗ ಗೊಂದಲದಲ್ಲಿರಬೇಕು. 2015ರ ಚುನಾವಣೆ ಹೊತ್ತಿಗೆ ನಗರದಲ್ಲಿ 198 ವಾರ್ಡ್ ಇದ್ದವು. ಆಮೇಲೆ 243 ಎಂದರು. ಅಷ್ಟು ಬೇಡ, 225 ಸಾಕು ಎಂದರು. ಚುನಾವಣೆ ಮಾತ್ರ ನಡೆಯಲಿಲ್ಲ, ಅದು ಬೇರೆ ಮಾತು ಬಿಡಿ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಒಡೆದು ಐದಾಯಿತು, ವಾರ್ಡುಗಳು ಮುನ್ನೂರು ದಾಟಿದವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದೇ ಅಪರೂಪ. ಅಷ್ಟರಲ್ಲೇ ಅದಕ್ಕೀಗ ಎರಡು ಪಾಲಿಕೆ, ಇಬ್ಬರು ಕಮಿಷನರ್ ಸಿಗಬಹುದು.

ಇಷ್ಟಾದರೂ ಡೆಂಗಿ ಜಾಸ್ತಿಯಾದ ಕೂಡಲೇ ನಮಗೆ ವಾರ್ಡ್‌ವಾರು ನಕ್ಷೆ ಬೇಕು. ಕೇಸ್ ಹೆಚ್ಚಿದ್ದರೆ ಕೆಂಪು, ಕಡಿಮೆ ಇದ್ದರೆ ಹಸಿರು. ಹಳೇ ವರ್ಷದ ಜೊತೆ ಹೋಲಿಸೋಣ ಅಂದರೆ ಹಳೇ ವಾರ್ಡೇ ಇಲ್ಲ! ರೋಗ ಇಳಿಯಿತೋ, ವಾರ್ಡ್ ಚಿಕ್ಕದಾಯಿತೋ, ಯಾರನ್ನು ಕೇಳೋಣ? 2020ರಲ್ಲಿ ಕೊರೊನಾಕ್ಕೆ ಇಡೀ ಇಡೀ ಜಿಲ್ಲೆಗಳಿಗೇ ಬಣ್ಣ ಬಳಿದವರು ನಾವು, ಆ ಕೈ ಸುಮ್ನೆ ಕೂರುತ್ತದೆಯೇ.

ಅದಿರಲಿ, ಚುಕ್ಕೆ ಇಡುವುದಾದರೂ ಎಲ್ಲಿ? ರೋಗಿಯ ಮನೆ ವಿಳಾಸದಲ್ಲಿ. ಈಡಿಸ್ ಕಚ್ಚುವುದು ಹಗಲು ಹೊತ್ತು. ಹಗಲು ಹೊತ್ತು ಬೆಂಗಳೂರಿನವರು ಮನೆಯಲ್ಲಿ ಎಷ್ಟು ಜನ ಇರ್ತಾರೆ? ಕಚ್ಚಿಸಿಕೊಂಡಿದ್ದು ಪೀಣ್ಯದ ಕಾರ್ಖಾನೆಯಲ್ಲಿ, ಮನೆ ಇರುವುದು ಕೆಂಗೇರಿಯಲ್ಲಿ, ಜ್ವರ ಏರುವುದು ನಾಲ್ಕೈದು ದಿನ ಕಳೆದು ಹಬ್ಬಕ್ಕೆಂದು ಹಾಸನದ ಬಸ್ ಹತ್ತಿದ ಮೇಲೆ, ಆಧಾರ್‌ನಲ್ಲಿರುವುದು ಇನ್ಯಾವುದೋ ಊರು. ಹೊಗೆ ಹಾಕುವ ಮಿಷನ್ ಹೊರಡಬೇಕಾದ್ದು ಎಲ್ಲಿಗೆ? ಹೊರಟರೂ ಆ ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗಳು ಆರಾಮಾಗಿರುತ್ತವೆ. ಆದರೆ ಫೋಟೊದಲ್ಲಿ ಹೊಗೆ ಚೆನ್ನಾಗಿ ಕಾಣುತ್ತದಲ್ವಾ.

ನಕ್ಷೆಯೇ ಬೇಡ ಎನ್ನುತ್ತಿಲ್ಲ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು ಎಂದು ವಿಚಾರಿಸಿದರು. ಸಾವಿಗೊಂದು ಗೆರೆ ಎಳೆದರೆ ಗೆರೆಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಗುಂಪುಗೂಡಿದವು. ಪಕ್ಕದ ಬಿಯರ್ ಕಾರ್ಖಾನೆಯವರಲ್ಲಿ ಕಾಲರಾಕ್ಕೆ ಯಾರೂ ಸತ್ತಿರಲಿಲ್ಲ, ಅವರು ಬಿಯರ್ ಕುಡಿದುಕೊಂಡು ಇದ್ದರು. ಎಲ್ಲೋ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಮಹಿಳೆ ಸತ್ತಿದ್ದರು. ಕೇಳಿದರೆ, ಆ ಪಂಪಿನ ನೀರಿನ ರುಚಿಯೇ ಬೇಕೆಂದು ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದರಂತೆ. ನಮ್ಮವರ ಕೈಗೆ ಸಿಕ್ಕಿದ್ದರೆ ಅದು ಹ್ಯಾಂಪ್‌ಸ್ಟೆಡ್ ವಾರ್ಡಿನ ಕೇಸ್. ಅಲ್ಲೇ ಹೊಗೆ, ಅಲ್ಲೇ ಫೋಟೊ. ಸೋಹೊದ ಪಂಪು ತನ್ನ ಪಾಡಿಗೆ ನೀರು ಕೊಡುತ್ತಿತ್ತು.

ಲಂಡನ್ನಿನವರು ಸ್ನೋ ಮಾತು ಕೇಳಿ ಆ ಪಂಪಿನ ಹ್ಯಾಂಡಲ್ಲನ್ನೇ ಕಿತ್ತು ಹಾಕಿದರು. ನಾವು ಹ್ಯಾಂಡಲ್ ಕಿತ್ತಿಲ್ಲ, ರಸೀದಿ ಪುಸ್ತಕ ಹಿಡಿದಿದ್ದೇವೆ. 2024ರಲ್ಲಿ ನಿಯಮ ಬಂತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ ದಂಡ, ಹಳ್ಳಿ ಮನೆಗೆ 200. ಹಳ್ಳಿ ಸೊಳ್ಳೆಗೆ ಅರ್ಧ ಟಿಕೆಟ್. ಕೇಬಲ್ ಹಾಕಲು ರಸ್ತೆ ಅಗೆದು, ಮಳೆಗಾಲ ಮುಗಿಯುವವರೆಗೆ ನೀರು ತುಂಬಿಸಿಟ್ಟ ಗುಂಡಿಗೆ ಯಾರು ಯಾರಿಗೆ ರಸೀದಿ ಹರಿಯುತ್ತಾರೆ ಎಂದು ಮಾತ್ರ ಕೇಳಬೇಡಿ.

ಅದೇ ವರ್ಷ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೆಲ್ಲ ಟ್ಯಾಂಕರ್ ದಾರಿ ಕಾಯುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲದವರು ಡ್ರಮ್ಮು, ಬಕೆಟ್ಟು, ಕೊನೆಗೆ ಪಾತ್ರೆಗಳಲ್ಲೂ ನೀರು ತುಂಬಿಟ್ಟರು. ಈಡಿಸ್‌ಗೆ ಬೇಕಾದ್ದೂ ನಿಂತ ಶುಭ್ರ ನೀರೇ. ಹೀಗಾಗಿ ಎಲ್ಲೆಲ್ಲಿ ನೀರು ಬರುವುದಿಲ್ಲ ಎಂಬ ನಕ್ಷೆಯನ್ನು ಡೆಂಗಿ ನಕ್ಷೆಯ ಮೇಲಿಟ್ಟು ನೋಡಿದ್ದರೆ ಏನಾದರೂ ಗೊತ್ತಾಗುತ್ತಿತ್ತೇನೋ. ಆದರೆ ಅದು ಜಲಮಂಡಳಿಯ ಕಡತ, ಇದು ಆರೋಗ್ಯ ಇಲಾಖೆಯ ಕಡತ. ಸೊಳ್ಳೆ ಮಾತ್ರ ಎರಡೂ ಕಚೇರಿಗೆ ಹೋಗಿ ಬರುತ್ತದೆ, ಪಾಸ್ ಇಲ್ಲದೆ.