ಕೆಮ್ಮಿದರೆ ಸೋರುವ ಮೂತ್ರಕ್ಕೆ ಬೇಗ ಆಪರೇಷನ್ ಮಾಡಿಸಬೇಕೇ?

ಪರ

ಇಂಡಿಯಿಂದ ವಿಜಯಪುರಕ್ಕೆ ಬರುವ ದಿನ ನಮ್ಮ ಚಿಗವ್ವ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಬಸ್ಸು ಕುಲುಕಿದರೆ, ಕೆಮ್ಮು ಬಂದರೆ ಸೀರೆ ಒದ್ದೆ. ಏಪ್ರಿಲ್ ಬಿಸಿಲಿನಲ್ಲೂ ಅಷ್ಟೇ. ಕೊನೆಗೆ ಉರಿಮೂತ್ರವೂ ಸೇರಿಕೊಂಡಿತು. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಹೆತ್ತ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅನ್ನುತ್ತಾ 12 ವರ್ಷ ಕಳೆದವು.

ಇಂಥವರಿಗೆ ಮೂತ್ರನಾಳದ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಜಾಲರಿ ಪಟ್ಟಿ ಕೂರಿಸುವ ಆಪರೇಷನ್ ಇದೆ. ಡಾಕ್ಟರು ಸ್ಲಿಂಗ್ ಅನ್ನುತ್ತಾರೆ. 1990ರ ದಶಕದಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಹೊಟ್ಟೆ ಕೊಯ್ಯುವುದಿಲ್ಲ. ಒಳಗೆ ಒಂದು ಸಣ್ಣ ಗಾಯ, ಹೊರಗೆ ಎರಡು ತೂತು, ಸುಮಾರು ಅರ್ಧ ಗಂಟೆ. ಬಹಳ ಜನ ಅದೇ ದಿನವೋ ಮರುದಿನವೋ ಮನೆಗೆ ಬರುತ್ತಾರೆ. ಕೆಮ್ಮಿದಾಗ ನಾಳಕ್ಕೆ ಕೆಳಗಿನಿಂದ ಆಸರೆ ಸಿಗುತ್ತದೆ, ಹೆಚ್ಚಿನವರಿಗೆ ಸೋರುವುದು ನಿಲ್ಲುತ್ತದೆ.

ವ್ಯಾಯಾಮ ಮಾಡಿ ಅನ್ನುವುದು ಸುಲಭ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ದ್ರಾಕ್ಷಿ ತೋಟಕ್ಕೆ ಹೋಗುವವಳಿಗೆ ಅದನ್ನು ಕಲಿಸುವವರು ಯಾರು?

ಆಪರೇಷನ್ ಆದ ಮೇಲೆ ಚಿಗವ್ವ ಬಸ್ಸಿನಲ್ಲಿ ನೀರಿನ ಬಾಟಲಿ ಹಿಡಿದು ಬಂದಳು.

ವಿರೋಧ

ನಿಮ್ಮ ಚಿಗವ್ವನ ಸಂಕಟ ನಿಜ. ಆರಾಮಾದದ್ದು ಸಂತೋಷ. ಆದರೆ ಒಮ್ಮೆ ಹಾಕಿದ ಪಟ್ಟಿಯನ್ನು ಬೇಡ ಅಂತ ಸುಮ್ನೆ ತೆಗೆಯಲು ಆಗುವುದಿಲ್ಲ. ಜಾಲರಿಯ ಕಣ್ಣುಗಳೊಳಗೆ ಮಾಂಸ ಬೆಳೆದು ಹೆಣೆದುಕೊಳ್ಳುತ್ತದೆ. ಕೆಲವರಿಗೆ ವರ್ಷಗಳ ನಂತರವೂ ನೋವು. ಕೆಲವರಿಗೆ ಪಟ್ಟಿಯೇ ಒಳಚರ್ಮ ಕೊರೆದು ಹೊರಗೆ ಕಾಣುತ್ತದೆ. ಇಂಥ ದೂರುಗಳು ಜಾಸ್ತಿಯಾಗಿಯೇ 2018ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ತಡೆ ಬಿತ್ತು.

ಸೋರುವುದೆಲ್ಲ ಒಂದೇ ಕಾಯಿಲೆಯೂ ಅಲ್ಲ. ಅವಸರವಾಗಿ, ಬಚ್ಚಲು ಮುಟ್ಟುವಷ್ಟರಲ್ಲೇ ಆಗಿಹೋಗುವುದು ಬೇರೆ ತೊಂದರೆ. ಅದಕ್ಕೆ ಪಟ್ಟಿ ಮದ್ದಲ್ಲ. ಇನ್ನೂ ಮಕ್ಕಳು ಬೇಕು ಅನ್ನುವವರು ಸಾಮಾನ್ಯವಾಗಿ ಕಾಯುವುದೇ ಒಳ್ಳೆಯದು.

ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಲಿ. ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯು ಇದೆಯಲ್ಲ, ಅದನ್ನು ಬಿಗಿಹಿಡಿದು ಬಿಡುವುದು. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನು ಹೇಳಿದ್ದರು. ರೊಟ್ಟಿ ಬಡಿಯುತ್ತಾ ಕೂತಲ್ಲೇ ಮಾಡಬಹುದು, ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ಕಲಿಸುವವರಿಲ್ಲ ಅಂತೀರಿ. ಹಾಗಾದರೆ ತಾಲ್ಲೂಕು ಆಸ್ಪತ್ರೆಗೆ ಕಲಿಸುವವರನ್ನೇ ಕೇಳೋಣ, ಅಲ್ವಾ?

ಆಪರೇಷನ್ ಆದವರು ಕೆಲವು ವಾರ ಭಾರ ಎತ್ತಬಾರದು. ನನಗೆ ಹೆದರಿಕೆ ಇರುವುದು ಇಲ್ಲಿಯೇ. ಮರುದಿನ ಮನೆಗೆ ಬಂದವಳಿಗೆ "ಆರಾಮ ಆತಲ್ಲವ್ವಾ" ಅಂತ ನೀರಿನ ಕೊಡ ಕೊಡುವ ಮನೆಗಳನ್ನು ನೋಡಿದ್ದೇನೆ. ಹೊಟ್ಟೆ ಮೇಲೆ ಹೊಲಿಗೆ ಕಂಡಿದ್ದರೆ ಒಂದು ತಿಂಗಳಾದರೂ ಕೂರಿಸುತ್ತಿದ್ದರು.