ಚೀಲ ಹೊತ್ತು ಬರುವ ಮೇಳ, ಡ್ರಾಯಿಂಗ್ ಹಿಡಿದು ಹೋಗುವ ಮೇಳ

ಬೆಂಗಳೂರಿನ ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ, ಲೋಹ ಕತ್ತರಿಸಿ ರೂಪಿಸುವ ಮೆಷಿನುಗಳ ಮೇಳವಾದ ಐಮ್‌ಟೆಕ್ಸ್ ನಡೆಯುವ ಜನವರಿಯ ಸಂಜೆಗಳಲ್ಲಿ ಮೆಟ್ರೊ ಹತ್ತುವವರ ಹೆಗಲು ನೋಡಿ. ಕ್ಯಾಟಲಾಗ್ ತುಂಬಿದ ಬಟ್ಟೆ ಚೀಲ, ಕೆಲವರಿಗೆ ಎರಡೆರಡು. ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆಯುವ ಅದೇ ಬಗೆಯ ಎಮೊ ಮೇಳದಿಂದ ಹೊರಬೀಳುವ ಜರ್ಮನ್ ಕಾರ್ಖಾನೆಯವರ ಕೈಯಲ್ಲಿ ಹೆಚ್ಚಾಗಿ ಒಂದು ಫೈಲು, ಅದೂ ಬೆಳಗ್ಗೆ ತಂದದ್ದೇ. ಒಳಗಿರುವುದು ತಮ್ಮ ಪಾರ್ಟಿನ ಡ್ರಾಯಿಂಗ್. ಮೆಷಿನ್ ಟೂಲ್ ಮೇಳಕ್ಕೆ ಹೋದ ಖರ್ಚು ಗಿಟ್ಟುತ್ತದೋ ಇಲ್ಲವೋ ಎನ್ನುವುದು ಆ ಹಾಳೆಯ ಮೇಲಿದೆ ಎಂಬುದು ಜರ್ಮನಿಯಲ್ಲಿ ಕೂತ ಈ ಕನ್ನಡಿಗನ ಅನಿಸಿಕೆ.

ಎಲ್ಲ ಡ್ರಾಯಿಂಗೂ ಬೇಡ. ಹೆಚ್ಚು ರಿಜೆಕ್ಷನ್ ಬರುವ, ಇಲ್ಲವೇ ಹೆಚ್ಚು ಸಮಯ ತಿನ್ನುವ ಎರಡು ಮೂರು ಪಾರ್ಟು ಸಾಕು. ಗಿರಾಕಿಯ ಹೆಸರು, ಪಾರ್ಟ್ ನಂಬರ್ ಅಳಿಸಿಬಿಡಿ. ಮೆಟೀರಿಯಲ್, ಹಾರ್ಡ್‌ನೆಸ್, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು), ಫಿನಿಶ್ ಇರಲಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮೂರು ಅಂಕಿ: ತಿಂಗಳಿಗೆ ಎಷ್ಟು ಪೀಸು, ಪೀಸೊಂದಕ್ಕೆ ಈಗಿನ ಸೈಕಲ್ ಟೈಮ್ ಎಷ್ಟು ಸೆಕೆಂಡು, ಇನ್ಸರ್ಟಿನ (ಟೂಲಿನ ತುದಿಯ ಬದಲಿಸಬಹುದಾದ ಕತ್ತರಿಸುವ ತುಣುಕಿನ) ಒಂದು ಎಡ್ಜಿಗೆ ಎಷ್ಟು ಪೀಸು. ಇಷ್ಟಿದ್ದರೆ ಸ್ಟಾಲಿನ ಅಪ್ಲಿಕೇಶನ್ ಎಂಜಿನಿಯರ್ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಇಲ್ಲದಿದ್ದರೆ 'ಒಳ್ಳೇ ಮೆಷಿನ್ ಸರ್' ಎಂಬ ಮಾತು, ಒಂದು ಕಪ್ ಕಾಫಿ.

ಡೆಮೊ ನೋಡುವಾಗ ಎಚ್ಚರ ಬೇಕು, ಎರಡೂ ಊರಿನಲ್ಲಿ. ಗಾಜಿನ ಬಾಗಿಲ ಹಿಂದೆ ಮಳೆಯಂತೆ ಚಿಪ್ಸ್ ಸುರಿಸುತ್ತಿರುವುದು ಬಹಳ ಸಲ ಅಲ್ಯೂಮಿನಿಯಂ. ನಿಮ್ಮ ಕೆಲಸ ಎಸ್‌ಎಸ್ 304 ಎಂಬ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿದ್ದರೆ ಆ ದೃಶ್ಯದಿಂದ ಏನೂ ತಿಳಿಯದು. 304 ಕತ್ತರಿಸಿದಂತೆ ಗಟ್ಟಿಯಾಗುತ್ತದೆ, ಅದರ ಚಿಪ್ಸ್ ಉದ್ದಕ್ಕೆ ಎಳೆದುಕೊಂಡು ಟೂಲಿಗೆ ಸುತ್ತಿಕೊಳ್ಳುತ್ತದೆ. ಅದೇ ಮೆಟೀರಿಯಲ್ ಹಾಕಿ ತೋರಿಸಿ ಎನ್ನಿ. ಬೋರ್ಡಿನ ಮೇಲಿನ ಅಂಕಿಗಳನ್ನೂ ಬಿಡಿಸಿ ನೋಡಬೇಕು. 'ಟೂಲ್ ಚೇಂಜ್ 1.6 ಸೆಕೆಂಡ್' ಎಂದಿದ್ದರೆ ಅದು ಟೂಲಿಂದ ಟೂಲಿಗೆ ಬದಲಾಗುವ ಹೊತ್ತು ಮಾತ್ರ. ಕಟಿಂಗ್ ನಿಂತು ಮತ್ತೆ ಕಟಿಂಗ್ ಶುರುವಾಗುವವರೆಗೆ 4.6 ಸೆಕೆಂಡ್ ಹಿಡಿದರೆ, 12 ಟೂಲಿನ ಪಾರ್ಟಿಗೆ ಪೀಸೊಂದಕ್ಕೆ 36 ಸೆಕೆಂಡ್ ವ್ಯತ್ಯಾಸ. ಸ್ಪಿಂಡಲ್ (ಮೆಷಿನಿನ ತಿರುಗುವ ಮುಖ್ಯ ದಂಡ) 15 ಕಿಲೋವ್ಯಾಟ್ ಎಂದರೆ ಎಸ್1, ಅಂದರೆ ಬಿಡುವಿಲ್ಲದೆ ಓಡುವ ರೇಟಿಂಗೋ ಎಸ್6 40 ಶೇಕಡವೋ ಕೇಳಿ. ಎರಡನೆಯದಾದರೆ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಮಾತ್ರ ಆ ಲೋಡು. ಪೊಸಿಷನಿಂಗ್ (ಹೇಳಿದ ಜಾಗಕ್ಕೆ ಬಂದು ನಿಲ್ಲುವ ನಿಖರತೆ) 5 ಮೈಕ್ರಾನ್ ಎಂಬುದನ್ನು ಐಎಸ್‌ಒ 230-2 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಎರಡೂ ಕಡೆಯಿಂದ ಬಂದು ಅಳೆದದ್ದೋ, ಹಳೆಯ ಜಪಾನಿ ಪದ್ಧತಿಯಂತೆ ಒಂದೇ ಕಡೆಯಿಂದಲೋ? ಒಂದೇ ಕಡೆಯಿಂದ ಬಂದರೆ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗ ಕಾಣುವ ಸಡಿಲ) ಅಡಗಿ ಕೂರುತ್ತದೆ, ಅಂಕಿ ಚಿಕ್ಕದಾಗಿ ಕಾಣುತ್ತದೆ. ಇನ್ನೊಂದು, ಸ್ಟಾಲಿನ ಮೆಷಿನ್ ಬೆಳಗ್ಗಿನಿಂದ ಓಡಿ ಬೆಚ್ಚಗಾಗಿರುತ್ತದೆ. ಪೀಣ್ಯದ ಶೀಟ್ ಛಾವಣಿಯ ಕೆಳಗೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಏರಿದರೆ, ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನಿನಂತೆ ಉಕ್ಕು ಬೆಳೆಯುತ್ತದೆ. ಎಂಟು ಗಂಟೆಯ ಥರ್ಮಲ್ ಡ್ರಿಫ್ಟ್ (ಬಿಸಿಗೆ ಅಳತೆ ಸರಿಯುವುದರ) ಗ್ರಾಫ್ ತೋರಿಸಿ ಎಂದು ಕೇಳುವವರು ನಮ್ಮಲ್ಲಿ ಕಡಿಮೆ.

ಜರ್ಮನ್ನರಿಂದ ಕಲಿಯಬೇಕಾದದ್ದು ಆಪರೇಟರನ್ನು ಜೊತೆಗೆ ಕರೆದೊಯ್ಯುವುದು. ನಮ್ಮಲ್ಲಿ ಮಾಲೀಕರೂ ಪರ್ಚೇಸ್‌ನವರೂ ಹೋಗುತ್ತಾರೆ, ಮೆಷಿನ್ ಓಡಿಸುವವನು ಶಿಫ್ಟಿನಲ್ಲಿರುತ್ತಾನೆ. ಪೀಸು ಹಿಡಿಯುವ ಚಕ್‌ಗೆ ಕೈ ಎಟುಕುತ್ತದಾ, ಕ್ರೇನಿಂದ ನೇರ ಇಳಿಸಬಹುದಾ, ಚಿಪ್ಸ್ ಮೂಲೆಯಲ್ಲಿ ಕಟ್ಟಿಕೊಂಡರೆ ತೆಗೆಯಲು ಎಷ್ಟು ಹೊತ್ತು, ಕೂಲೆಂಟ್ ಟ್ಯಾಂಕ್ ಯಾವ ಕಡೆಯಿಂದ ಹೊರಗೆಳೆಯಬೇಕು ಎಂದೆಲ್ಲ ಕೇಳುವವನು ಅವನೇ. 1953ರಲ್ಲಿ ಎಚ್‌ಎಂಟಿ ಶುರುವಾದಂದಿನಿಂದ ಲೇತಿನ ಮುಂದೆ ನಿಂತವರಿರುವ ಊರು ಬೆಂಗಳೂರು. ಅವರಿಗೆ ಒಂದು ದಿನದ ಪಾಸ್ ಕೊಡಿಸಲು ಏನು ಕಷ್ಟ?

ಹಾಗೆಂದು ಹ್ಯಾನೋವರ್ ಪದ್ಧತಿಯೆಲ್ಲ ಚೆನ್ನವೇನಲ್ಲ. ವಾರಗಳ ಮುಂಚೆ ಅಪಾಯಿಂಟ್‌ಮೆಂಟ್ ಮಾಡದೆ ಹೋದರೆ ಬೇಕಾದ ಮನುಷ್ಯ ಸಿಗುವುದು ಅನುಮಾನ. ಬೆಲೆಯಂತೂ ಸ್ಟಾಲಿನಲ್ಲಿ ಬಾಯಿಬಿಡುವುದಿಲ್ಲ, ಕೊಟೇಶನ್ ನಿಧಾನಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಸ್ಟಾಲಿನಲ್ಲಿ ಮೆಷಿನ್ ಕಟ್ಟಿದವರೇ ನಿಂತಿರುತ್ತಾರೆ. ಹಿಂದಿನ ಪ್ಯಾನೆಲ್ ತೆಗೆದು ವೈರಿಂಗ್ ತೋರಿಸಿ, ರೇಟನ್ನೂ ಅಲ್ಲೇ ಹೇಳುತ್ತಾರೆ. ಕೊನೆಯ ದಿನ ಡೆಮೊ ಮೆಷಿನನ್ನು ಲಾರಿಗೆ ಹಾಕಿ ವಾಪಸ್ ಒಯ್ಯುವುದು ಯಾರಿಗೂ ಇಷ್ಟವಿಲ್ಲ, ಮಾತಾಡಲು ಅದು ಒಳ್ಳೆಯ ಹೊತ್ತು. ಹ್ಯಾನೋವರ್‌ನವರಿಂದ ತರಬೇಕಾದದ್ದು ಒಂದು ಹಾಳೆಯ ಶಿಸ್ತು. ಮಾತು ಮುಗಿದ ಕೂಡಲೇ ಯಾರು, ಏನು, ಯಾವ ತಾರೀಖಿಗೆ ಕಳಿಸಬೇಕು ಎಂದು ಬರೆದು ಇಬ್ಬರೂ ಇಟ್ಟುಕೊಳ್ಳುತ್ತಾರೆ.

ವರ್ಷ ತಪ್ಪಿ ಹೋಗುವವರೂ ಇದ್ದಾರೆ. ಬೆಸ ವರ್ಷದ ಐಮ್‌ಟೆಕ್ಸ್ ಕಟಿಂಗ್ ಮೆಷಿನುಗಳದ್ದು, ಸಮ ವರ್ಷದ್ದು ಫಾರ್ಮಿಂಗ್, ಅಂದರೆ ಲೋಹವನ್ನು ಒತ್ತಿ ಬಗ್ಗಿಸುವ ಮೆಷಿನುಗಳದ್ದು. ವಿಎಂಸಿ ಎಂಬ ಕಟಿಂಗ್ ಮೆಷಿನ್ ಹುಡುಕಿಕೊಂಡು ಹೋಗಿ ಪ್ರೆಸ್ ನೋಡಿಕೊಂಡು ಬರಬೇಕಾದೀತು. 1975ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಎಮೊ ಬೆಸ ವರ್ಷಗಳಲ್ಲಿ ಬರುತ್ತದೆ: ಎರಡು ಸಲ ಹ್ಯಾನೋವರ್, ಮೂರನೆಯದು ಮಿಲಾನ್. ಮೇಳದ ಜೊತೆಗಿನ ಸೆಮಿನಾರಿಗೆ ದುಡ್ಡು ಕಟ್ಟುವ ಮುನ್ನ ಭಾಷಣಕಾರರ ಹುದ್ದೆ ಓದಿ. ಎಲ್ಲರೂ ವೈಸ್ ಪ್ರೆಸಿಡೆಂಟ್‌ಗಳಾದರೆ, ಪ್ರಶ್ನೆಗೆ ಹತ್ತು ನಿಮಿಷವೂ ಇಲ್ಲದಿದ್ದರೆ, ಆ ದುಡ್ಡಿನಲ್ಲಿ ಆಪರೇಟರಿಗೆ ಊಟ ಕೊಡಿಸಬಹುದು.

ಮೇಳ ಮುಗಿದ ಮೇಲೆ ಸುಮ್ಮನಾಗಬೇಡಿ. ಮೂರು ದಿನದೊಳಗೆ ಮೇಲ್ ಹಾಕಿ, ನಿಮ್ಮದೇ ಕಚ್ಚಾ ಪೀಸು ಕಳಿಸಿ ಟ್ರಯಲ್ ಕೇಳಿ. ನಿಲ್ಲಿಸದೆ ಸಾಲಾಗಿ ತೆಗೆದ 50 ಪೀಸು ಅಳೆದು ಸಿಎಂಕೆ (ಮೆಷಿನ್ ಟಾಲರೆನ್ಸಿನೊಳಗೆ ಎಷ್ಟು ಭದ್ರವಾಗಿ ನಿಲ್ಲುತ್ತದೆ ಎಂಬ ಅಂಕಿ) 1.67 ಬಂದ ರಿಪೋರ್ಟ್ ಕೈಗೆ ಸಿಗುವವರೆಗೆ ಅಡ್ವಾನ್ಸ್ ಚೆಕ್ ಬರೆಯಬೇಡಿ.