ವಿಲ್ ಬರೆಯುವ ಕೈಪಿಡಿ: ಯಾರೂ ಕೇಳದ್ದನ್ನು ಮಾರಲು ಹೊರಡಬೇಕಾ?

ವಿಲ್ ಬರೆಯುವುದು ಹೇಗೆ ಎಂದು ಕನ್ನಡದಲ್ಲಿ ತಿಳಿಸುವ ಒಂದು ಇ-ಪುಸ್ತಕ. ಬೆಲೆ 299 ರೂಪಾಯಿ ಅಂದುಕೊಳ್ಳಿ. ಅದನ್ನು ಹುಡುಕಿಕೊಂಡು ಬರುವವರು ಕಡಿಮೆ. ಆದರೂ ಜಾಹೀರಾತಿಗೆ ದುಡ್ಡು ಹಾಕಿ ಮಾರಬೇಕಾ?

ಪರ: ಹೊರಡಲೇಬೇಕು

ಯಾವುದೇ ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ತಾತ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗಲಿ ಎಂದು, ಅರ್ಜಿ ಹಾಕಿದ ಮೇಲೆ ಒಬ್ಬ ದಾಯಾದಿ ತಕರಾರು ತೆಗೆದರೆ ಮುಗಿಯಿತು. ಈ ಮನೆಗಳಿಗೆಲ್ಲ ಮಾಹಿತಿ ಬೇಕಿತ್ತು. ಕೇಳಲಿಲ್ಲ, ಅಷ್ಟೇ. ಸಾವಿನ ಮಾತು ತೆಗೆದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರಲ್ವಾ?

ಹಾಗಾಗಿ ‘ವಿಲ್ ಬರೆಯಿರಿ’ ಎಂದು ಕೂಗಿ ಪ್ರಯೋಜನವಿಲ್ಲ. ಜನ ಈಗಾಗಲೇ ಕೇಳುತ್ತಿರುವ ಪ್ರಶ್ನೆಯ ಪಕ್ಕದಲ್ಲೇ ಅಂಗಡಿ ಇಡಬೇಕು. ಸೈಟು ಕೊಂಡವರು ಇ-ಖಾತಾ ಬಗ್ಗೆ ಕೇಳುತ್ತಾರೆ. ನಿವೃತ್ತರಾದವರು ಪಿಎಫ್ ಹಣ ಎಲ್ಲಿಡಲಿ ಎನ್ನುತ್ತಾರೆ. ನಾಮಿನಿ ಹೆಸರು ತುಂಬಿದವರು ಎಲ್ಲ ಆಯಿತು ಅಂದುಕೊಂಡಿರುತ್ತಾರೆ. ಅಲ್ಲೇ ಹಿಡಿಯಬೇಕು. ನಾಮಿನಿ ಆದ ಮಾತ್ರಕ್ಕೆ ಷೇರುಗಳ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇದನ್ನು ಕೇಳಿದ ಮೇಲೆ ‘ಹಾಗಾದರೆ ಏನು ಮಾಡಬೇಕು’ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಬೇಡಿಕೆ ಹುಟ್ಟುವುದು ಆ ಗಳಿಗೆಯಲ್ಲಿ.

ಉತ್ತರವೂ ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ. ಹಿಂದೂಗಳಿಗೂ ಕ್ರೈಸ್ತರಿಗೂ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ಇಷ್ಟನ್ನು ಮೊದಲು ಪುಕ್ಕಟೆ ಹೇಳಿಬಿಡಿ. ಧೈರ್ಯ ಬಂದವರು ಉಳಿದದ್ದಕ್ಕೆ ದುಡ್ಡು ಕೊಡುತ್ತಾರೆ.

ಓದುವವರೇ ಕೊಳ್ಳಬೇಕು ಅಂತಲೂ ಇಲ್ಲ. ಅಮೆರಿಕದಲ್ಲಿರುವ ಮಗಳು ಮೈಸೂರಿನ ಅಪ್ಪನಿಗೆ ಕಳಿಸಬಹುದು. ಅಪ್ಪ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನೋದು ಬೇರೆ ಮಾತು.

ವಿರೋಧ: ಇದು ಮಾರುವ ಸರಕಲ್ಲ

ಆ ಬೇರೆ ಮಾತೇ ಇಲ್ಲಿ ಅಸಲು ಮಾತು. ಮಗಳು ಕಳಿಸಿದರೆ ‘ಇವಳಿಗೂ ಆಸ್ತಿ ಮೇಲೆ ಕಣ್ಣು ಬಿತ್ತು’ ಎನ್ನುತ್ತಾರೆ. ಮಗ ಕಳಿಸಿದರೆ ಸೊಸೆಯ ಹೆಸರು ಕೆಡುತ್ತದೆ. ವಿಲ್ ಬಗ್ಗೆ ಮನೆಯಲ್ಲಿ ಮೊದಲು ಬಾಯಿ ಬಿಡುವವರು ಬೇಕು. ಪಿಡಿಎಫ್ ಆ ಕೆಲಸ ಮಾಡುವುದಿಲ್ಲ.

ಲೆಕ್ಕವೂ ಕೂಡಿಬರುವುದಿಲ್ಲ. ಹುಡುಕುವವರಿದ್ದರೆ ಜಾಹೀರಾತು ಅವರ ಕಣ್ಣಿಗೆ ಬಿದ್ದರೆ ಸಾಕು. ಇಲ್ಲಿ ಫೇಸ್‌ಬುಕ್ಕಿನಲ್ಲಿ ಸುಮ್ನೆ ಬೆರಳಾಡಿಸುತ್ತಿರುವವರನ್ನು ತಡೆದು, ಸಮಸ್ಯೆ ವಿವರಿಸಿ, ಆಮೇಲೆ ಮಾರಬೇಕು. ಒಬ್ಬ ಗಿರಾಕಿಯನ್ನು ತರಲು 400 ರೂಪಾಯಿ ಖರ್ಚಾಯಿತು ಅನ್ನಿ. 299ರಲ್ಲಿ ಉಳಿಯುವುದೇನು? ಆ ಗಿರಾಕಿ ಮತ್ತೆ ಬರುವುದೂ ಇಲ್ಲ. ತಿಂಗಳಿಗೊಂದು ವಿಲ್ ಯಾರು ಬರೆಯುತ್ತಾರೆ?

ಆಗ ಕೈ ಹೋಗುವುದು ಹೆದರಿಕೆಯ ಕಡೆಗೆ. ‘ನಾಳೆ ನಿಮಗೇನಾದರೂ ಆದರೆ?’ ಇದು ಚೆನ್ನಾಗಿ ಓಡುತ್ತದೆ, ನಿಜ. ಆದರೆ ಹೆದರಿ ಕೊಂಡವರು ಪುಸ್ತಕದಲ್ಲಿರುವ ವಿಲ್ ನಮೂನೆಯ ಖಾಲಿ ಜಾಗ ತುಂಬಿ, ಸಹಿ ಹಾಕಿ, ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಪಿತ್ರಾರ್ಜಿತ ಜಮೀನನ್ನೂ ಸ್ವಂತ ದುಡಿಮೆಯದ್ದು ಎಂಬಂತೆ ಪೂರ್ತಿ ಒಬ್ಬ ಮಗನಿಗೆ ಬರೆದಿರುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ಬರೆಯಲು ಸಾಧ್ಯ. 2005ರ ತಿದ್ದುಪಡಿಯಾದ ಮೇಲೆ ಅಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲಿದೆ. ಮುಸ್ಲಿಂ ಕುಟುಂಬಗಳಿಗೆ ನಿಯಮವೇ ಬೇರೆ. ಅಲ್ಲಿ ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೆಯುವಂತಿಲ್ಲ. 299 ರೂಪಾಯಿಯ ಒಂದೇ ನಮೂನೆ ಇಷ್ಟೆಲ್ಲ ಮನೆಗಳಿಗೆ ಹೇಗೆ ಹೊಂದುತ್ತದೆ? ಪುಸ್ತಕ ಸರಿಯಿಲ್ಲದಿದ್ದರೆ ದುಡ್ಡು ವಾಪಸ್ ಕೊಡಬಹುದು. ವಿಲ್ ಸರಿಯಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಬರೆದವರೇ ಇರುವುದಿಲ್ಲ.

ಬಿಳಿ ಹಾಳೆ, ಇಬ್ಬರು ಸಾಕ್ಷಿಯ ವಿಷಯ ಪುಕ್ಕಟೆ ಹೇಳಿ ಅಂದಿರಿ. ಉಳಿದದ್ದನ್ನೂ ಹಾಗೇ ಕೊಟ್ಟುಬಿಡಿ. ಹತ್ತು ಪುಟ ಅಚ್ಚು ಹಾಕಿಸಿ ನಿವೃತ್ತ ನೌಕರರ ಸಂಘಗಳಲ್ಲಿ ಹಂಚಿ. ಅದರಲ್ಲಿ ವಕೀಲರ ಹೆಸರು, ಫೀಸು ಹಾಕುವ ಉಪಾಯ ಮಾತ್ರ ಬೇಡ. ವಕೀಲರು ಜಾಹೀರಾತು ಕೊಡುವುದಕ್ಕೆ ಬಾರ್ ಕೌನ್ಸಿಲ್ ನಿಯಮ ಅಡ್ಡ ಬರುತ್ತದೆ. ಅದರ ಬದಲು ಒಂದು ಮಧ್ಯಾಹ್ನ ಸಂಘದಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಹೇಳಿ, ಅದಕ್ಕೆ ಸಂಘದಿಂದ ಶುಲ್ಕ ಕೇಳಿ. ಅಲ್ಲಿ ಅಪ್ಪಂದಿರೇ ಎದ್ದು ಕೇಳುತ್ತಾರೆ. ಮಗಳು ಕಳಿಸಿದಳು, ಸೊಸೆ ಹೇಳಿಕೊಟ್ಟಳು ಎಂಬ ಅನುಮಾನಕ್ಕೆ ಜಾಗವೇ ಇರುವುದಿಲ್ಲ.